ಅರವತ್ತಾರು ಕಳೆದರೆ

ಆ ಮನೆಗೆ ನಾನು ಕೆಲಸ ಕೇಳಿಕೊಂಡು ಹೋದ ದಿನ ಗಂಡ ಹೆಂಡತಿ ಇಬ್ಬರೂ ನೆಲದ ಮೇಲೆ ಕೂತಿದ್ದರು. ಬಾಗಿಲು ತಟ್ಟಿದಾಗ ಒಳಗಿನಿಂದ ಹೆಂಗಸಿನ ದನಿ ಬಂತು.

"ದಬ್ಬಿ, ತೆರೆದೇ ಇದೆ. ಎದ್ದು ಬರೋ ಸ್ಥಿತೀಲಿ ಇಲ್ಲಿ ಯಾರೂ ಇಲ್ಲ."

ಮಂಚಕ್ಕೆ ಬೆನ್ನು ಕೊಟ್ಟು, ಎರಡೂ ಕಾಲು ಮುಂದೆ ಚಾಚಿ ಆಕೆ ಕೂತಿದ್ದರು. ಪಕ್ಕದಲ್ಲಿ ಅವರ ಯಜಮಾನರು ಸೊಂಟ ಹಿಡಿದುಕೊಂಡಿದ್ದರು, ಕನ್ನಡಕ ಓರೆಯಾಗಿತ್ತು. ಎದುರಿಗೆ ಖಾಲಿ ಗಾಲಿಕುರ್ಚಿ. ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸಲು ಹೋಗಿ ಇಬ್ಬರೂ ಒಟ್ಟಿಗೆ ಕುಸಿದಿದ್ದರು. ಮುಕ್ಕಾಲು ಗಂಟೆಯಿಂದ ಹಾಗೇ ಇದ್ದರಂತೆ.

"ನಗಬೇಡಿ ಅಕ್ಕಾ," ಎಂದರು ಆಕೆ, ತಾವೇ ನಗುತ್ತ. "ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು. ಇವರು ನನ್ನ ಪಕ್ಕದಲ್ಲಿ ಇಷ್ಟು ಹೊತ್ತು ಸುಮ್ಮನೆ ಕೂತಿದ್ದು ಇವತ್ತೇ ಮೊದಲು."

ನಾನು ಕಾಲಿನ ಕಡೆ ಹಿಡಿದೆ, ಅವರು ಕಂಕುಳ ಕಡೆ. ಎತ್ತಿ ಕೂರಿಸಿ ಕುರ್ಚಿಯ ಸೊಂಟದ ಪಟ್ಟಿ ಬಿಗಿದೆ. ಪಟ್ಟಿಯಲ್ಲಿ ಎಂಟು ತೂತುಗಳಿದ್ದವು, ತುದಿಯ ಮೊದಲನೆಯ ತೂತಿಗೇ ಕೊಂಡಿ ಕೂತಿತು. ಕೆಲಸ ಸಿಕ್ಕಿದೆಯೋ ಇಲ್ಲವೋ ಎಂದು ಕೇಳುವುದು ನನಗೂ ಮರೆಯಿತು, ಹೇಳುವುದು ಅವರಿಗೂ ಮರೆಯಿತು. ಮಾರನೆಯ ದಿನದಿಂದ ಹೋಗತೊಡಗಿದೆ.

ಆಕೆಯನ್ನು ಆ ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಿಷನ್ನು ಹಾಕಿಕೊಂಡು ಮೂವತ್ತು ವರ್ಷ ಶಾಲೆ ಮಕ್ಕಳ ಸಮವಸ್ತ್ರ, ನರ್ಸುಗಳ ಕೋಟು ಹೊಲಿದವರು. ಗುಂಡಿ ತರಲು ಹೋದ ಅಂಗಡಿಯ ಮೆಟ್ಟಿಲಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ, ಸೊಂಟದ ಕೆಳಗೆ ಶಕ್ತಿ ಹೋಗಿತ್ತು. ನಾನು ಸೇರುವ ಹೊತ್ತಿಗೆ ಅದಾಗಿ ಎರಡು ವರ್ಷ. ಮಿಷನ್ನಿನ ಮೇಲೆ ಹಳೆಯ ಹೊದಿಕೆ ಹಾಕಿದ್ದರು. ಅಳತೆಯ ಟೇಪು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಧೂಳು ಒರೆಸಲು ನಾನು ಅದನ್ನು ತೆಗೆದರೆ, "ಅದು ಅಲ್ಲೇ ಇರಲಿ ಅಕ್ಕಾ," ಎಂದು ಮುಖ ಆಚೆ ತಿರುಗಿಸುತ್ತಿದ್ದರು. ಅದೊಂದು ಬಿಟ್ಟರೆ ಬೇರೆ ಯಾವ ವಿಷಯಕ್ಕೂ ಅವರ ಬಾಯಿಗೆ ಬೀಗ ಇರಲಿಲ್ಲ. ನನ್ನ ಅಂಗಿಯ ಭುಜಕ್ಕೆ ಪಿನ್ನು ಚುಚ್ಚಿದ್ದನ್ನು ಮೊದಲ ವಾರವೇ ಕಂಡುಹಿಡಿದು, "ಅದು ಅಂಗಿಯೋ, ಅಂಗಿಯ ನೆನಪೋ?" ಎಂದಿದ್ದರು.

ಯಜಮಾನರು ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು. ನಾನು ಬೆಳಿಗ್ಗೆ ಬಂದು ಮಧ್ಯಾಹ್ನದ ಊಟ ಮುಗಿಸಿ ಹೋಗುತ್ತಿದ್ದೆ. ಉಳಿದ ಹೊತ್ತು ಎತ್ತಿ ಇಳಿಸುವವರು ಅವರೊಬ್ಬರೇ. ಎತ್ತುವ ಯಂತ್ರವೊಂದನ್ನು ತರಿಸಿ ನೋಡಿದ್ದರಂತೆ. ಬಚ್ಚಲಿಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ಅದು ತಿರುಗಲೇ ಇಲ್ಲ. ಇತ್ತ ಕೂತಲ್ಲೇ ಕೂತು ಟೈಲರಮ್ಮನ ಮೈ ಎಪ್ಪತ್ತನಾಲ್ಕು ಕಿಲೋಗೆ ಬಂದಿತ್ತು. ಮೇಷ್ಟ್ರ ಬೆನ್ನಿನ ಎಕ್ಸ್‌ರೇ ನೋಡಿದ ಡಾಕ್ಟರು, "ಎತ್ತಲೇಬೇಡಿ ಅಂದ್ರೆ ನೀವು ಕೇಳೋರಲ್ಲ. ಅರವತ್ತರ ಒಳಗೆ ಬಂದ್ರೆ ಹೇಗೋ ನೋಡೋಣ, ಇಲ್ಲದಿದ್ದರೆ ಇಬ್ಬರೂ ಕುರ್ಚಿ ಹಿಡೀತೀರಿ," ಎಂದುಬಿಟ್ಟರು.

ಅವರಿಗೆ ಒಬ್ಬಳೇ ಮಗಳು. ಎರಡು ಬೀದಿ ಆಚೆ ಔಷಧಿ ಅಂಗಡಿಯಲ್ಲಿ ಕೆಲಸ. ದಿನಾ ಸಂಜೆ ಬಂದು ಹೋಗುವಳು, ರಜೆಯ ದಿನ ಬೆಳಿಗ್ಗೆಯೇ ಬರುವಳು. ಅವಳು ಒಂದು ರಜೆಯ ದಿನ ನನ್ನ ಎದುರಿಗೇ ಹೇಳಿದಳು.

"ಅಮ್ಮಾ, ವರ್ಷ ಮುಗಿಯೋದ್ರೊಳಗೆ ಅರವತ್ತು. ಇಲ್ಲಾಂದ್ರೆ ಆರೈಕೆ ಕೇಂದ್ರದಲ್ಲಿ ಹಾಸಿಗೆಗೆ ಹೆಸರು ಬರೆಸ್ತೀನಿ. ಇಬ್ಬರನ್ನೂ ಕಳ್ಕೊಳ್ಳೋಕೆ ನನ್ನಿಂದ ಆಗಲ್ಲ."

"ಬರ್ತೀನಿ ಅರವತ್ತಕ್ಕೆ," ಎಂದರು ಟೈಲರಮ್ಮ. "ಈ ಕಿಟಕಿ ಬಿಟ್ಟು ನಾನೆಲ್ಲೂ ಹೋಗಲ್ಲ. ನಿಮ್ಮಪ್ಪನಿಗೆ ಕಾಲುಚೀಲದ ಜೋಡಿ ಹುಡುಕೋಕೂ ಬರಲ್ಲ ಕಣೆ."

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಮೇಡಂ ಒಬ್ಬರಿದ್ದರು. ದಿನಕ್ಕೆ ಸಾವಿರದ ನಾನೂರು ಕ್ಯಾಲೊರಿ ಎಂದು ಪಟ್ಟಿ ಬರೆದುಕೊಟ್ಟರು. ನನ್ನ ಓದು ಮೂರನೇ ಕ್ಲಾಸಿನದು. ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ, ಅಂಕಿ ಮಾತ್ರ ಯಾವತ್ತೂ ತಪ್ಪಿಲ್ಲ. ಅಡುಗೆಮನೆಗೆ ಸಣ್ಣ ತಕ್ಕಡಿ ಬಂತು. ಆಲೂಗಡ್ಡೆ, ಬೇಳೆ, ಬ್ರೆಡ್ಡು ಎಲ್ಲ ತೂಗಿಯೇ ಹಾಕುತ್ತಿದ್ದೆ. ಎಣ್ಣೆಯನ್ನು ಚಮಚದಲ್ಲಿ ಅಳೆದು ಬೆರಳಿನಿಂದ ಅಂಚು ಸವರುತ್ತಿದ್ದೆ.

ಇನ್ನು ಆಕೆಯನ್ನು ತೂಗಬೇಕಲ್ಲ. ನಿಲ್ಲಲಾಗದವರನ್ನು ತೂಗುವುದು ಹೇಗೆ? ಮೇಷ್ಟ್ರು ಉಪಾಯ ಮಾಡಿದರು. ಮೊದಲು ತಾವೊಬ್ಬರೇ ತೂಕದ ಯಂತ್ರ ಹತ್ತಿದರು. ಅರವತ್ತಾರು. ಅದನ್ನು ಪೆನ್ಸಿಲ್ಲಿನಲ್ಲಿ ಗೋಡೆಯ ಮೇಲೆ ಬರೆದು ಸುತ್ತಲೂ ಗೆರೆ ಎಳೆದರು. ಆಮೇಲೆ ನನ್ನ ಕೈ ಸಹಾಯದಿಂದ ಹೆಂಡತಿಯನ್ನು ಎತ್ತಿಕೊಂಡು ಹತ್ತಿದರು. ಕೈಯಲ್ಲಿ ಆಕೆ ಇರುವಾಗ ಅವರಿಗೆ ಕಾಲ ಬಳಿಯ ಅಂಕಿ ಕಾಣುತ್ತಿರಲಿಲ್ಲ. ಅದಕ್ಕೇ ನಾನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಓದಬೇಕು.

"ನೂರ ನಲವತ್ತು," ಎಂದೆ.

"ಅರವತ್ತಾರು ಕಳೆದರೆ ಎಪ್ಪತ್ತನಾಲ್ಕು. ಕರೆಕ್ಟು!" ಎಂದು ಅವರು ಏದುಸಿರು ಬಿಡುತ್ತಲೇ ಲೆಕ್ಕ ಹೇಳಿದರು.

"ಲೆಕ್ಕ ಆಮೇಲೆ ಮಾಡ್ರೀ, ಮೊದಲು ಇಳಿಸಿ!" ಎಂದು ಆಕೆ ಕೂಗಿದರು.

ಹೀಗೆ ವಾರಕ್ಕೊಮ್ಮೆ, ಬೆಳಿಗ್ಗೆ ತಿಂಡಿಗೆ ಮುಂಚೆ. ಐದು ತಿಂಗಳಲ್ಲಿ ನೂರ ನಲವತ್ತು ಇದ್ದದ್ದು ನೂರ ಮೂವತ್ತೆರಡಕ್ಕೆ ಬಂತು. ಅಂದರೆ ಟೈಲರಮ್ಮ ಅರವತ್ತಾರು. ಕುರ್ಚಿಯ ಪಟ್ಟಿಯ ಕೊಂಡಿ ನಾಲ್ಕನೆಯ ತೂತಿಗೆ ಬಂದಿತ್ತು. "ಈಗ ನಾವಿಬ್ಬರೂ ಸಮ ರೀ," ಎಂದು ಆಕೆ ಗಂಡನಿಗೆ ಹೇಳಿ ಆ ದಿನವೆಲ್ಲ ಖುಷಿಯಾಗಿದ್ದರು.

ಅಲ್ಲಿಗೆ ಅಂಕಿ ನಿಂತಿತು. ಒಂದು ವಾರ ನೂರ ಮೂವತ್ತೆರಡು. ಎರಡನೆಯ ವಾರವೂ ಅದೇ. ನಾಲ್ಕು ವಾರವಾದ ಮೇಲೆ ಪಥ್ಯದ ಮೇಡಂ ಹೇಳಿದರು, "ಗಾಬರಿ ಬೇಡ. ಮೈ ಹಗುರ ಆದ ಹಾಗೆ ಅದಕ್ಕೆ ಬೇಕಾಗೋದೂ ಕಮ್ಮಿ ಆಗುತ್ತೆ. ಎಪ್ಪತ್ತನಾಲ್ಕು ಕಿಲೋಗೆ ಬರೆದ ಪಟ್ಟಿ ಈಗ ನಡೆಯಲ್ಲ. ನೂರು ಕ್ಯಾಲೊರಿ ಇಳಿಸಿ, ಮೂರು ವಾರ ನೋಡಿ. ಸಾವಿರದ ಇನ್ನೂರರ ಕೆಳಗೆ ಮಾತ್ರ ನನ್ನನ್ನ ಕೇಳದೆ ಇಳೀಬೇಡಿ."

ಸಾವಿರದ ಮುನ್ನೂರಾಯಿತು. ಅಂಕಿ ಅಲುಗಲಿಲ್ಲ. ಸಾವಿರದ ಇನ್ನೂರಾಯಿತು. ನೂರ ಮೂವತ್ತೆರಡು ಬಂಡೆಯಂತೆ ಕೂತಿತ್ತು. ವರ್ಷ ಮುಗಿಯಲು ನಾಲ್ಕು ತಿಂಗಳೂ ಉಳಿದಿರಲಿಲ್ಲ. ಮೇಷ್ಟ್ರು ಯಾರನ್ನೂ ಕೇಳದೆ, "ಸಾವಿರದ ನೂರಕ್ಕೆ ಇಳಿಸಿಬಿಡಿ," ಎಂದರು. ನಾನು ಇಳಿಸಿದೆ. ಅದು ನನ್ನ ತಪ್ಪು.

ಟೈಲರಮ್ಮನ ಮಾತು ಕಮ್ಮಿಯಾಯಿತು. ಲೋಟ ಹಿಡಿದ ಕೈ ನಡುಗುತ್ತಿತ್ತು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಹತ್ತು ಗಂಟೆಗೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಆಗಲೇ ನಾನು ಇನ್ನೊಂದು ನೋಡಿದ್ದೆ. ಪಟ್ಟಿಯ ಕೊಂಡಿ ಐದನೆಯ ತೂತಿಗೆ ಹೋಯಿತು, ಆಮೇಲೆ ಆರನೆಯದಕ್ಕೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಆದರೂ ಲೆಕ್ಕ ಕಲಿಸಿದವರ ಮುಂದೆ ತೂತು ಎಣಿಸುವವಳ ಮಾತೇನು ಎಂದು ಸುಮ್ಮನಿದ್ದೆ.

ಅಂಕಿ ನಿಂತ ಮೇಲಿನ ಹನ್ನೆರಡನೆಯ ವಾರದ ತೂಕ ಮಗಳ ರಜೆಯ ದಿನವೇ ಬಂತು. ನಾನು ನೂರ ಮೂವತ್ತೆರಡು ಎಂದು ಓದಿದೆ. ಅವಳು ತಡೆಯಲಾರದೆ ಕಪಾಟು ತೆಗೆದು ಡಬ್ಬಿಗಳನ್ನೆಲ್ಲ ಮೂಸಿ ನೋಡಿದಳು.

"ಅಮ್ಮ ಕದ್ದು ತಿಂತಿದ್ದಾಳೆ," ಎಂದು ನನ್ನ ಕಡೆ ತಿರುಗಿದಳು. "ದೊಡ್ಡಮ್ಮಾ, ನಿಜ ಹೇಳಿ, ನೀವೇನಾದ್ರೂ ಕೊಡ್ತಿದ್ದೀರಾ?"

ನಾನು ಬಾಯಿ ತೆರೆಯುವ ಮುಂಚೆ ಟೈಲರಮ್ಮ ಹೇಳಿದರು, "ಕಪಾಟು ಇರೋ ಎತ್ತರಕ್ಕೆ ನನ್ನ ಕೈ ಹೋಗೋ ಹಾಗಿದ್ದಿದ್ದರೆ ಈ ತಾಪತ್ರಯವೇ ಇರ್ತಿರಲಿಲ್ಲವಲ್ಲೇ."

ಯಾರೂ ನಗಲಿಲ್ಲ. ಮಗಳು ಚೀಲದಿಂದ ಆರೈಕೆ ಕೇಂದ್ರದ ಅರ್ಜಿ ತೆಗೆದು ಮೇಜಿನ ಮೇಲಿಟ್ಟಳು. "ಅಪ್ಪಾ, ಸೋಮವಾರದೊಳಗೆ ಸಹಿ ಹಾಕಿಡಿ," ಎಂದು ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಎಂದಿನಂತೆ ಮಂಚದಿಂದ ಕುರ್ಚಿಗೆ ಎತ್ತುತ್ತಿದ್ದೆವು. ಮೇಷ್ಟ್ರು ಬಗ್ಗಿದ ಕೂಡಲೇ ಅವರ ಅಂಗಿಯ ಹೊಟ್ಟೆಯ ಬಳಿಯ ಗುಂಡಿ ಕಿತ್ತು, ಟಪ್ಪೆಂದು ಕಿಟಕಿಗೆ ಬಡಿದು ಮಿಷನ್ನಿನ ಕೆಳಗೆ ಉರುಳಿತು. ಟೈಲರಮ್ಮ ಕುರ್ಚಿಯಲ್ಲಿ ಕೂತವರು ಗುಂಡಿ ಹೋದ ದಾರಿಯನ್ನೇ ನೋಡಿದರು. ಆಮೇಲೆ ಗಂಡನನ್ನು ನೋಡಿದರು. ಎರಡೂವರೆ ವರ್ಷದಿಂದ ಆಕೆ ಯಾರನ್ನೂ ಹಾಗೆ ಮೇಲಿನಿಂದ ಕೆಳಗೆ ನೋಡಿರಲಿಲ್ಲ.

"ರೀ, ಇಲ್ಲಿ ಬನ್ನಿ. ಹಾಗೇ ತಿರುಗಿ. ಅಕ್ಕಾ, ಆ ಟೇಪು ಕೊಡಿ."

ನಾನು ಮೊಳೆಯಿಂದ ತೆಗೆದು ಕೊಟ್ಟೆ. ನಡುಗುವ ಕೈ ಟೇಪು ಹಿಡಿದ ಮೇಲೆ ನಡುಗಲಿಲ್ಲ. ಮೇಷ್ಟ್ರ ಸೊಂಟಕ್ಕೆ ಸುತ್ತಿ ನೋಡಿದರು.

"ಮೂವತ್ತೇಳು. ಈ ಅಂಗಿ ಹೊಲಿದಾಗ ಮೂವತ್ನಾಲ್ಕು ಇದ್ರಿ."

ಆಗ ನನಗೂ ಬಾಯಿ ಬಂತು. "ಅಮ್ಮಾ, ನಿಮ್ಮ ಪಟ್ಟಿ ನಾಲ್ಕನೇ ತೂತಿನಿಂದ ಆರಕ್ಕೆ ಬಂದಿದೆ. ಮೇಷ್ಟ್ರೇ, ನೀವೊಬ್ಬರೇ ಒಂದ್ಸಲ ಹತ್ತಿ ನೋಡೋಣ."

"ನಂದು ಗೊತ್ತಲ್ಲ, ಅರವತ್ತಾರು," ಎಂದು ಗೋಡೆ ತೋರಿಸಿದರು.

"ಗೋಡೆ ಊಟ ಮಾಡಲ್ಲ ಮೇಷ್ಟ್ರೇ. ಹತ್ತಿ."

ಹತ್ತಿದರು. ನಾನು ಕೂತು ಓದಿದೆ. "ಎಪ್ಪತ್ತೊಂದು."

ನಲವತ್ತು ವರ್ಷ ಮಕ್ಕಳ ಕಿವಿ ಹಿಂಡಿ ಕಳೆಯುವ ಲೆಕ್ಕ ಕಲಿಸಿದವರು ಬೆರಳು ಮಡಚಿ ಎಣಿಸಿದರು. ಮಂಚದ ಅಂಚಿಗೆ ಕೂತುಬಿಟ್ಟರು. "ಅರವತ್ತೊಂದು," ಎಂದರು. "ನೀನು ಅರವತ್ತೊಂದು ಕಣೇ. ಇಷ್ಟು ದಿನ ನನ್ನ ಕೊಬ್ಬನ್ನ ನಿನ್ನ ತಲೆಗೆ ಕಟ್ಟಿ ಉಪವಾಸ ಹಾಕಿದೆ."

"ಗಿರಾಕಿ ವರ್ಷ ಬಿಟ್ಟು ಬಂದ್ರೆ ಹಳೇ ಅಳತೇಲಿ ನಾನು ಯಾವತ್ತೂ ಕತ್ತರಿ ಹಾಕಿಲ್ಲ," ಎಂದರು ಟೈಲರಮ್ಮ. "ದೀಪದ ಕೆಳಗೇ ಕತ್ತಲೆ ಅನ್ನೋದು ಸುಳ್ಳಲ್ಲ ನೋಡಿ ಅಕ್ಕಾ. ಆದ್ರೂ ಇವರು ಇಷ್ಟು ತಿಂದಿದ್ದು ಯಾವಾಗ?"

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಅಡುಗೆಮನೆಗೆ ಹೋಗಿ ಬೇಳೆ ಬೇಯಿಸುವ ಪಾತ್ರೆ ನೋಡಿಕೊಂಡು ನಿಂತೆ. ಆಕೆಯ ಪಾಲು ಇಳಿದಾಗಲೆಲ್ಲ ನಾನು ತಟ್ಟೆಗೆ ಹಾಕುವುದನ್ನು ಇಳಿಸಿದ್ದೆನೇ ಹೊರತು ಪಾತ್ರೆಗೆ ಹಾಕುವುದನ್ನು ಇಳಿಸಿರಲಿಲ್ಲ. ಮಿಕ್ಕದ್ದನ್ನು ಕೆಡಿಸಬಾರದೆಂದು ಮೇಷ್ಟ್ರ ತಟ್ಟೆಗೆ ಬಡಿಸುತ್ತಿದ್ದೆ. ಹೆಂಡತಿಯ ಹೆಸರಿನ ತುತ್ತು ಎಸೆಯಲು ಮನಸ್ಸಾಗದೆ ಅವರೂ ತಿನ್ನುತ್ತಿದ್ದರು. ಇವರ ತಟ್ಟೆಯಿಂದ ತೆಗೆದದ್ದು ಅವರ ತಟ್ಟೆಗೆ ಹೋಯಿತು. ಇಬ್ಬರೂ ಒಟ್ಟಿಗೇ ಯಂತ್ರ ಹತ್ತಿದರು. ಅಂಕಿ ಎಲ್ಲಿಂದ ಅಲುಗಬೇಕು?

ಹೊರಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಟೈಲರಮ್ಮ ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ನಗು ನಿಂತ ಮೇಲೂ ಬರುತ್ತಿತ್ತು. "ಹೋಗಲಿ ಬಿಡಿ. ಮನೆ ಬಿಟ್ಟು ಎಲ್ಲೂ ಹೋಗಿಲ್ಲವಲ್ಲ ಆ ಐದು ಕಿಲೋ," ಎಂದರು.

ಸಂಜೆಗೆ ಕಾಯದೆ ಮೇಷ್ಟ್ರು ಮಗಳಿಗೆ ಫೋನು ಮಾಡಿದರು. ಅವಳು ಅಂಗಡಿಯ ಬಿಳಿ ಕೋಟಿನಲ್ಲೇ ಓಡಿ ಬಂದಳು. ಅಪ್ಪನನ್ನು ಮತ್ತೊಮ್ಮೆ ಯಂತ್ರ ಹತ್ತಿಸಿ ತನ್ನ ಕಣ್ಣಾರೆ ನೋಡಿದಳು. ಆಮೇಲೆ ಅಮ್ಮನ ಕುರ್ಚಿಯ ಮುಂದೆ ಕೂತು ಮಡಿಲಿನಲ್ಲಿ ತಲೆ ಇಟ್ಟಳು.

"ಕಳ್ಳಿ ಅಂದ್ಬಿಟ್ಟೆ ಅಮ್ಮಾ."

"ಅಂದಿದ್ದಕ್ಕೆ ಒಂದು ಬಿಸ್ಕತ್ತು ತಂದ್ಕೊಡು. ಅಪವಾದ ಬಂದ ಮೇಲೆ ತಿನ್ನದೇ ಇರೋದು ನಷ್ಟ."

ಮೇಜಿನ ಮೇಲಿದ್ದ ಅರ್ಜಿಯನ್ನು ಟೈಲರಮ್ಮ ಹರಿಯಲಿಲ್ಲ. ಅದರ ಹಿಂದಿನ ಖಾಲಿ ಬದಿಯಲ್ಲಿ ಗಂಡನ ಹೊಸ ಅಳತೆ ಬರೆದುಕೊಂಡರು.

ಪಥ್ಯದ ಮೇಡಂ ಮೇಷ್ಟ್ರನ್ನು ಚೆನ್ನಾಗಿ ಬೈದರು. "ನಿಂತ ಹಾಗೆ ಕಂಡ್ರೆ ಮೊದಲು ತೂಗೋದು ಸರಿ ಇದೆಯಾ ನೋಡಬೇಕು, ಆಮೇಲೆ ತಟ್ಟೆ," ಎಂದರು. ಟೈಲರಮ್ಮನಿಗೆ ಮತ್ತೆ ಸಾವಿರದ ಮುನ್ನೂರು ಕೊಟ್ಟರು, ಬೆಳಿಗ್ಗೆ ಒಂದು ಮೊಟ್ಟೆ ಹೆಚ್ಚು. "ನಿಧಾನಕ್ಕೆ ಬರಲಿ." ಮೇಷ್ಟ್ರಿಗೂ ಒಂದು ಪಟ್ಟಿ ಬಂತು. ನಾನು ಪಾತ್ರೆಗೆ ಹಾಕುವುದನ್ನೂ ತೂಗತೊಡಗಿದೆ. ಪ್ರತಿ ಸಲ ಮೇಷ್ಟ್ರು ಎರಡು ಬಾರಿ ಹತ್ತಬೇಕು, ಮೊದಲು ಒಬ್ಬರೇ, ಆಮೇಲೆ ಎತ್ತಿಕೊಂಡು. ಗೋಡೆಯ ಮೇಲಿನ ಅರವತ್ತಾರನ್ನು ಅವರೇ ಒದ್ದೆ ಬಟ್ಟೆಯಲ್ಲಿ ಉಜ್ಜಿ ಅಳಿಸಿದರು. ಗೆರೆಯ ಗುರುತು ಮಾತ್ರ ಉಳಿಯಿತು.

ವರ್ಷ ಮುಗಿಯಲು ಇನ್ನೂ ಹನ್ನೊಂದು ದಿನ ಇರುವಾಗ ಟೈಲರಮ್ಮ ಅರವತ್ತಕ್ಕೆ ಬಂದರು. ನಾನು ಎರಡು ಸಲ ಓದಿದೆ, ಎರಡು ಸಲವೂ ಅದೇ.

ಆಮೇಲೆ ಒಂದು ವರ್ಷ ನಾಲ್ಕು ತಿಂಗಳು ಆಕೆ ಆ ಕಿಟಕಿಯ ಪಕ್ಕವೇ ಇದ್ದರು. ಮಿಷನ್ನಿನ ಹೊದಿಕೆ ತೆಗೆಸಿದರು. ಕಾಲಿನಿಂದ ತುಳಿಯಲಾಗದ್ದಕ್ಕೆ ಕೈಯಿಂದ ತಿರುಗಿಸುವ ಹಿಡಿ ಹಾಕಿಸಿದರು. ತಿರುಗಿಸುವವರು ಮೇಷ್ಟ್ರು. "ನಿಧಾನ ರೀ, ಇದು ಲೆಕ್ಕದ ಪರೀಕ್ಷೆ ಅಲ್ಲ," ಎಂಬ ಬೈಗುಳ ಬೀದಿಗೆ ಕೇಳುತ್ತಿತ್ತು. ಅದು ಕೇಳಿ ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಬಂದರು.

ಕೊನೆಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಕರೆದುಕೊಂಡು ಹೋದರು, ನಾಲ್ಕನೆಯ ದಿನ ಆಕೆ ಅಲ್ಲೇ ತೀರಿಕೊಂಡರು. ಕರೆದುಕೊಂಡು ಹೋದ ಬೆಳಿಗ್ಗೆ ನಾನೇ ಮುಖ ತೊಳೆಸಿ ಅಂಗಿ ಬದಲಾಯಿಸಿ ಕುರ್ಚಿಯ ಪಟ್ಟಿ ಹಾಕುತ್ತಿದ್ದೆ. ಬಗ್ಗಿದಾಗ ನನ್ನ ಭುಜದ ಪಿನ್ನು ಆಕೆಯ ಕಣ್ಣಿಗೆ ಬಿತ್ತು. ಉಬ್ಬಸದ ನಡುವೆಯೂ ಕುತ್ತಿಗೆಯಲ್ಲಿದ್ದ ಟೇಪು ತೆಗೆದರು. ನನ್ನನ್ನು ಎದುರಿಗೆ ಮೊಣಕಾಲೂರಿ ಕೂರಿಸಿ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಟೇಪು ಹಿಡಿದರು. ಬೆರಳು ಬೆಚ್ಚಗಿದ್ದವು. ಅಂಕಿ ನೋಡಿ, ಪಿನ್ನಿನ ಬಳಿಯ ಸಡಿಲ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಆಮೇಲೆ ಕೇಳಿದರು:

"ಅಕ್ಕಾ, ನಿಮ್ಮ ಅಳತೆ ಕೊನೇ ಸಲ ಯಾರು ತಗೊಂಡಿದ್ದು?"