ಮಹದೇವ ಆನ್‌ಲೈನ್ ಬಂದ

‘ನಿನ್ ತಿಥಿ ಊಟ ಉಂಡ್ ಬಂದಿವ್ನಿ ಕಣ್ಲಾ. ಯಾರ್ಲಾ ನೀನು?’

ಹುಣಸೂರಿನ ಸೈಬರ್ ಕೆಫೆಯಲ್ಲಿ, ನನ್ನ ಮುಂದಿನ ಪರದೆಯ ಮೇಲೆ ಈ ಸಾಲು ಮೂಡಿತು. ಅಲ್ಲಿ ನಾವೆಲ್ಲ ಇಂಟರ್ನೆಟ್‌ಗೆ ನೀಲಿ ‘ಇ’ಯನ್ನೇ ಒತ್ತುತ್ತಿದ್ದವರು. ‘ನರಿನೇ ಜೋರು ಕಣ್ಲಾ’ ಎಂದು ವಾದಿಸಿ ನರಿ ಚಿತ್ರದ ಬ್ರೌಸರ್ ಬಳಸುತ್ತಿದ್ದವನು ಕಟ್ಟೆಮಳಲವಾಡಿಯ ಮಹದೇವ ಒಬ್ಬನೇ. ಅವನ ತಿಥಿಯ ಮರುದಿನ, ನೆನಪಾಗಿ, ಅವನು ಕೂರುತ್ತಿದ್ದ ಕಂಪ್ಯೂಟರಿನಲ್ಲೇ ನರಿಯನ್ನು ಒತ್ತಿದೆ. ಹಿಂದಿನ ಪುಟಗಳನ್ನು ಮತ್ತೆ ತೆರೆಯಲೇ ಎಂದು ಅದು ಕೇಳಿತು. ಹೂಂ ಎಂದೆ. ಮಹದೇವನ ಚಾಟ್ ತೆರೆದುಕೊಂಡು, ಅವನ ಹೆಸರಿನ ಪಕ್ಕ ಹಸಿರು ದೀಪ ಹತ್ತಿತು. ಬೆಟ್ಟದಪುರದಲ್ಲಿ ಕೂತಿದ್ದ ಅವನ ಸ್ನೇಹಿತನಿಗೆ ಅದು ಕಂಡಿತ್ತು; ಯಾರೆಂದು ಕೇಳಿದವನು ಅವನೇ.

ಗಾಬರಿಯಲ್ಲಿ ಒಂದು ಸಾಲು ಬರೆದು ಕಳಿಸಿದೆ. ನನ್ನ ಹೆಸರು ಬರೆಯುವಷ್ಟರಲ್ಲಿ ಕರೆಂಟು ಹೋಯಿತು.

ಅಂದಿನಿಂದ ನಾನು ನರಿಯನ್ನು ಮುಟ್ಟಿಲ್ಲ. ಸತ್ತವನ ಹೆಸರಿನಲ್ಲಿ ಬೆಟ್ಟದಪುರಕ್ಕೆ ಹೋಗಿ ಸೇರಿದ್ದು ಅಷ್ಟೇ: ‘ನಾನು ಕಣ್ಲಾ.’