ಗಂಟು ನುಂಗಿದ ಆರು ಮೀಟರು

ನಮ್ಮ ಹೈಸ್ಕೂಲಿಗೆ ನೂರು ವರ್ಷ ತುಂಬುವ ಸಂಭ್ರಮ ಹೆಡ್‌ಮಾಸ್ಟರದು, ಅದರ ಕತ್ತೆಚಾಕರಿ ನನ್ನದು. "ಇತಿಹಾಸದ ಟೀಚರ್ ನೀವೇ ಅಲ್ವಾ, ಶಾಲೆ ಇತಿಹಾಸಾನೂ ನೀವೇ ಬರೆದುಬಿಡಿ" ಎಂದು ಸ್ಮರಣ ಸಂಚಿಕೆಯನ್ನು ನನ್ನ ತಲೆಗೆ ಕಟ್ಟಿದರು. ಮೂರು ಕಟ್ಟಡ, ಎರಡು ಪಾಳಿ, ಮೂರು ಸಾವಿರ ಮಕ್ಕಳು. ಯಾವ ಕಟ್ಟಡಕ್ಕೆ ಯಾರು ಅಡಿಗಲ್ಲು ಹಾಕಿದರು ಎಂಬುದನ್ನು ಕೂತು ಓದುವ ಪುಣ್ಯಾತ್ಮರು ಯಾರಿದ್ದಾರೆ? ಈ ಶಾಲೆಗೆ ಹೆಸರು ಬಂದದ್ದು ಓಟದಿಂದ. ಅದಕ್ಕೇ ಕ್ರೀಡೆಯ ಪುಟಗಳನ್ನು ಮೊದಲು ಮುಗಿಸೋಣ, ಸುಣ್ಣದಣ್ಣನ ಬಗ್ಗೆಯೂ ಒಂದು ಪುಟ ಇರಲಿ ಎಂದುಕೊಂಡೆ. ಹಾಗೆ ಅಂದುಕೊಳ್ಳದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸುಣ್ಣದಣ್ಣ ನಮ್ಮ ಮೈದಾನ ನೋಡಿಕೊಳ್ಳುತ್ತಿದ್ದವರು. ನಿವೃತ್ತಿಯಾಗಿ ಹನ್ನೆರಡು ವರ್ಷ ಕಳೆದಿದ್ದರೂ ಕ್ರೀಡಾಕೂಟ ಬಂತೆಂದರೆ ಇವತ್ತಿಗೂ ಅವರನ್ನೇ ಕರೆಸಬೇಕು, ಏಕೆಂದರೆ ಓಟದ ಪಥ ಎಳೆಯುವುದು ಬೇರೆ ಯಾರಿಗೂ ಬರುವುದಿಲ್ಲ. ಮೈದಾನದ ಎರಡೂ ತುದಿಯಲ್ಲಿ ನಡುವೆ ಒಂದೊಂದು ಗೂಟ ಹೊಡೆಯುತ್ತಾರೆ. ಗೂಟಕ್ಕೆ ಅಳತೆಯ ಹಗ್ಗ ಕಟ್ಟಿ, ಅದನ್ನು ಬಿಗಿಯಾಗಿ ಹಿಡಿದು ಅರ್ಧ ಸುತ್ತು ನಡೆದರೆ ತಿರುವು ಸಿಗುತ್ತದೆ. ಅದರ ಮೇಲೆ ಸುಣ್ಣ ಸುರಿಯುತ್ತಾ ಹಿಮ್ಮುಖವಾಗಿ ನಡೆಯುತ್ತಾರೆ. ಹಸಿ ಗೆರೆಯ ಮೇಲೆ ಕಾಲಿಟ್ಟವರು ಹೆಡ್‌ಮಾಸ್ಟರೇ ಆದರೂ ಬೈಗುಳ ತಪ್ಪಿದ್ದಲ್ಲ. ಸುಣ್ಣ ತಿಂದು ಅವರ ಅಂಗೈ ಒಡೆದು ಹೋಗಿದೆ.

ಅವರ ಮಗಳು ಇದೇ ಶಾಲೆಯಲ್ಲಿ ನನ್ನ ಜೊತೆ ಒಂದೇ ತರಗತಿಯಲ್ಲಿ ಓದಿದವಳು. ಶಾಲೆಯಲ್ಲಿ ಎಲ್ಲರೂ ಅವಳನ್ನು ಚಿಗರೆ ಎಂದೇ ಕರೆಯುತ್ತಿದ್ದೆವು. ಹತ್ತನೇ ಕ್ಲಾಸಿನಲ್ಲಿ, ಮೂವತ್ತೊಂದು ವರ್ಷದ ಹಿಂದೆ, ನಾನೂರು ಮೀಟರನ್ನು ಅರವತ್ತೆರಡೂವರೆ ಸೆಕೆಂಡಿಗೆ ಓಡಿ ಮುಗಿಸಿ ದಾಖಲೆ ಮಾಡಿದಳು. ಹಳೆಯ ದಾಖಲೆ ಅರವತ್ತಮೂರು ಇತ್ತು. ಆ ಸಮಯವನ್ನು ನೋಡಿಯೇ ಅವಳನ್ನು ಜಿಲ್ಲೆಯ ದೊಡ್ಡ ಕೂಟಕ್ಕೆ ಆರಿಸಿದರು. ಅಲ್ಲಿ ಐದನೆಯವಳಾಗಿ ಬಂದಳು. ಮರುದಿನ ಪ್ರಾರ್ಥನೆಯ ಸಾಲಿನಲ್ಲಿ ಆಗಿನ ಪಿ.ಟಿ. ಮಾಸ್ತರರು ಎಲ್ಲರ ಮುಂದೆ, "ಮನೇಲಿ ಹುಲಿ, ಹೊರಗೆ ಇಲಿ. ಪುಕ್ಕಲಿ ಕಣೇ ನೀನು, ಶಾಲೆ ಮಾನ ಕಳೆದೆ" ಎಂದರು. ಅವಳು ಆಮೇಲೆ ಓಡಲಿಲ್ಲ. ಪರೀಕ್ಷೆಯಲ್ಲೂ ನಪಾಸಾದಳು. ಇಂಟರ್‌ವ್ಯೂ ಎಂದರೆ ಬಾಗಿಲಿನಿಂದಲೇ ವಾಪಸು ಬರುತ್ತಿದ್ದಳು, ಹುಡುಗನ ಕಡೆಯವರು ನೋಡಲು ಬಂದರೆ ಅಡುಗೆಮನೆಯಿಂದ ಈಚೆ ಬರುತ್ತಿರಲಿಲ್ಲ. ಏನೇ ಕೇಳಿದರೂ "ನಾನು ಪುಕ್ಕಲಿ, ನನ್ನ ಕೈಲಾಗಲ್ಲ" ಎನ್ನುವುದು ಅವಳಿಗೆ ಬಾಯಿಪಾಠವಾಯಿತು. ಕೊನೆಗೆ ನಮ್ಮ ಶಾಲೆಯ ಪ್ರಯೋಗಾಲಯದಲ್ಲೇ ಅಟೆಂಡರ್ ಆದಳು. ಗಾಜಿನ ಕೊಳವೆಗಳನ್ನು ತೊಳೆದು ಬೋರಲು ಹಾಕುವುದು ಅವಳ ಕೆಲಸ. ಜನರಿದ್ದಾಗ ನನ್ನನ್ನು ಮಿಸ್ ಅನ್ನುತ್ತಾಳೆ, ಇಲ್ಲದಿದ್ದರೆ ಏ ಅನ್ನುತ್ತಾಳೆ. ಶನಿವಾರ ಎಲ್ಲರೂ ಹೋದಮೇಲೆ ಸ್ಟೂಲು ಹತ್ತಿ ದಾಖಲೆಯ ಬೋರ್ಡು ಒರೆಸುತ್ತಾಳೆ. ಯಾರೂ ಹೇಳಿದ ಕೆಲಸವಲ್ಲ ಅದು.

ಆ ಬೋರ್ಡಿನಲ್ಲಿ ಉಳಿದವರ ಹೆಸರುಗಳು ಬದಲಾಗಿವೆ, ಚಿಗರೆಯದು ಮಾತ್ರ ಹಾಗೇ ಇದೆ. ಈಗಿನ ಪಿ.ಟಿ. ಮಾಸ್ತರರು ಅದನ್ನೇ ತೋರಿಸಿ ಹುಡುಗಿಯರನ್ನು ಬೈಯುತ್ತಾರೆ: "ಮೂವತ್ತು ವರ್ಷದಿಂದ ಒಬ್ಬಳಿಗೂ ಆಗ್ಲಿಲ್ಲ. ನಾಚಿಕೆ ಆಗಲ್ವಾ ನಿಮಗೆ?"

ಸಂಚಿಕೆಗಾಗಿ ಹಳೆಯ ಕ್ರೀಡಾ ರಿಜಿಸ್ಟರುಗಳನ್ನು ಬೀರುವಿನಿಂದ ಇಳಿಸಿ ಕೂತಾಗ ನನಗೆ ಒಂದು ವಿಚಿತ್ರ ಕಂಡಿತು. ಚಿಗರೆ ಓಡಿದ ವರ್ಷ ದಾಖಲೆ ಮಾಡಿದ್ದು ಅವಳೊಬ್ಬಳೇ ಅಲ್ಲ. ಹುಡುಗರ ನಾನೂರು, ಎಂಟುನೂರು, ಸಾವಿರದ ಐನೂರು, ಎಲ್ಲದರಲ್ಲೂ ಅದೇ ವರ್ಷ ಹೊಸ ದಾಖಲೆ. ನೇರ ಓಟವಾದ ನೂರು ಮೀಟರಿನಲ್ಲಿ ಮಾತ್ರ ಏನೂ ವಿಶೇಷವಿಲ್ಲ. ತಿರುವು ಇದ್ದಲ್ಲೆಲ್ಲ ಮಕ್ಕಳಿಗೆ ರೆಕ್ಕೆ ಬಂದಿತ್ತು. ಇಪ್ಪತ್ತು ವರ್ಷ ಮಕ್ಕಳಿಗೆ ಇಸವಿ ಉರುಹೊಡೆಸಿದ ಮಂದಬುದ್ಧಿ ನನ್ನದು, ಆದರೂ ಅಷ್ಟು ಅರ್ಥವಾಯಿತು. ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಮೈದಾನದ ಮೂಲೆಯ ಶೆಡ್ಡಿಗೆ ಹೋದೆ.

ಈ ವರ್ಷದ ಕೂಟಕ್ಕೆ ಪಥ ಎಳೆಯಲು ಬಂದಿದ್ದ ಸುಣ್ಣದಣ್ಣ ಕಬ್ಬಿಣದ ಗೂಟಗಳ ತುಕ್ಕು ಉಜ್ಜುತ್ತಿದ್ದರು. ಪುಟ ತೆರೆದು ತೋರಿಸಿದೆ. ಅವರಿಗೆ ಅಷ್ಟೇನೂ ಓದು ಬರುವುದಿಲ್ಲ, ಆದರೆ ಇಸವಿ ನೋಡಿದ ಕೂಡಲೇ ಮುಖ ಬಿಳಚಿಕೊಂಡಿತು.

"ಹಗ್ಗ ಕಿತ್ತೋಗಿತ್ತು ಟೀಚರಮ್ಮ" ಎಂದರು. "ಕೂಟದ ಹಿಂದಿನ ದಿನ. ಗಂಟು ಹಾಕ್ದೆ. ಗಟ್ಟಿ ಇರ್ಲಿ ಅಂತ ಎರಡೂ ಕಡೆ ಉದ್ದಕ್ಕೆ ಮಡಚಿ ಹಾಕ್ದೆ. ಆ ಗಂಟು ಒಂದು ಮೀಟರ್ ನುಂಗಿಬಿಡ್ತು."

ಗೂಟದಿಂದ ಗೆರೆಯವರೆಗೆ ಒಂದು ಮೀಟರು ಕಡಿಮೆಯಾದರೆ ಎರಡು ತಿರುವು ಸೇರಿ ಸುತ್ತಿನಲ್ಲಿ ಆರು ಮೀಟರು ಕಡಿಮೆಯಾಗುತ್ತದೆ.

"ಯಾವಾಗ ಗೊತ್ತಾಯ್ತು ಅಣ್ಣಾ?"

"ವಾರ ಬಿಟ್ಟು. ಹೊಸ ಹಗ್ಗ ಬಂತಲ್ಲ, ಪಕ್ಕದಲ್ಲಿ ಇಟ್ಟು ನೋಡ್ದೆ. ಅಷ್ಟರಲ್ಲಿ ಮಗಳ ಹೆಸರು ಬೋರ್ಡಿಗೆ ಹತ್ತಿತ್ತು. ಹೇಳಿದ್ರೆ ಏನಂತಿದ್ರು ಹೇಳಿ? ಮಗಳಿಗೋಸ್ಕರ ಅಪ್ಪ ಬೇಕಂತಲೇ ಗೆರೆ ಒಳಗೆ ಎಳೆದ ಅಂತಿದ್ರು. ನನ್ನ ಕೆಲಸ ಹೋಗ್ತಿತ್ತು, ಅವಳಿಗೂ ಕಳ್ಳಿ ಅನ್ನೋ ಹೆಸರು ಬರ್ತಿತ್ತು."

"ಅವಳನ್ನ ಪುಕ್ಕಲಿ ಅಂದಾಗ?"

"ಅಲ್ಲೇ ಇದ್ದೆ. ಧ್ವಜದ ಕಂಬದ ಹತ್ರ ನಿಂತಿದ್ದೆ."

ನನಗೆ ಮೈಯೆಲ್ಲ ಉರಿಯಿತು. ಆ ಮನುಷ್ಯನ ಮೇಲೆ ಕನಿಕರ ಬಂತೇ ಎಂದರೆ ಬರಲಿಲ್ಲ. ಅಲ್ಲೇ ರಿಜಿಸ್ಟರಿನ ಹಿಂದೆ ಲೆಕ್ಕ ಹಾಕಿದೆ. ಆರು ಮೀಟರಿಗೆ ಒಂದು ಸೆಕೆಂಡು. ಅಂದರೆ ಚಿಗರೆಯ ನಿಜವಾದ ಸಮಯ ಅರವತ್ತಮೂರರ ಮೇಲೆ ಅರ್ಧ ಸೆಕೆಂಡು. ದೊಡ್ಡ ಕೂಟದಲ್ಲಿ ಅವಳು ಓಡಿದ ಸಮಯವೂ ರಿಜಿಸ್ಟರಿನಲ್ಲಿತ್ತು, ಅದೂ ಅಷ್ಟೇ. ಅವಳು ಅಲ್ಲಿ ಹೆದರಿರಲೇ ಇಲ್ಲ. ತನ್ನ ಕೈಲಾದಷ್ಟನ್ನು ಪೂರ್ತಿ ಓಡಿದ್ದಳು. ಇಷ್ಟು ವರ್ಷ ಅವಳು ಅನುಭವಿಸಿದ್ದು ಸುಮ್ಮಸುಮ್ಮನೆ.

"ನೀವೇ ಅವಳಿಗೆ ಹೇಳ್ಬೇಕು" ಎಂದೆ. ಅವರು ಬೇಡ ಎಂದರು. ನಾನು ಬಿಡಲಿಲ್ಲ. ನಾಲ್ಕು ದಿನ ಶೆಡ್ಡಿಗೆ ಹೋಗಿ ಪ್ರಾಣ ತಿಂದೆ. ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಹೆದರಿಸಿದ್ದೂ ಉಂಟು. ಸತ್ಯ ತಿಳಿದರೆ ಅವಳ ಬೆನ್ನು ನೆಟ್ಟಗಾಗುತ್ತದೆ ಎಂದು ನಾನು ನಂಬಿದ್ದೆ.

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಶಾಲೆಯ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ. ಚಿಗರೆ ನೆಲದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅಪ್ಪ ಮಂಚದ ತುದಿಯಲ್ಲಿ ಕೂತು, ಕಿತ್ತುಹೋದ ಹಗ್ಗದಿಂದ ಶುರು ಮಾಡಿ ಎಲ್ಲವನ್ನೂ ಹೇಳಿದರು. ಅವಳು ಕೈ ನಿಲ್ಲಿಸಲಿಲ್ಲ.

"ಹಾಗಾದ್ರೆ ನಂದು ಎಷ್ಟಾಯ್ತು?" ಎಂದು ನನ್ನನ್ನು ಕೇಳಿದಳು.

"ಅರವತ್ತಮೂರು ಚಿಲ್ಲರೆ."

"ಹಳೇದು ಅರವತ್ತಮೂರೇ ಇತ್ತು" ಎಂದಳು. "ಅಂದ್ರೆ ನಾನು ಮುರೀಲೇ ಇಲ್ಲ."

ನಾನು ಅವಸರದಿಂದ ಅಂದೆ: "ಅದು ಬಿಡೇ. ಅಲ್ಲಿ ಹೋದಾಗಲೂ ನೀನು ಅಷ್ಟೇ ಓಡಿದ್ದೆ. ಹೆದರಿರಲಿಲ್ಲ ಕಣೇ ನೀನು. ಪುಕ್ಕಲಿ ಅಲ್ಲವೇ ಅಲ್ಲ."

ಚಿಗರೆ ನನ್ನನ್ನು ನೋಡಿದಳು. "ಪುಕ್ಕಲಿ ಅನ್ನೋದು ನಂಗೆ ಅಭ್ಯಾಸ ಆಗೋಗಿತ್ತು. ಹೇಗೋ ಇರ್ಲಿ, ಒಂದು ದಿನ ಎಲ್ಲರಿಗಿಂತ ಚೆನ್ನಾಗಿ ಓಡಿದ್ನಲ್ಲ ಅಂತ ಇತ್ತು. ನಂಗೆ ಇದ್ದದ್ದು ಅದೊಂದೇ ಕಣೇ."

ನಾನು ಅವಳ ಮುಂದೆ ನೆಲದ ಮೇಲೆ ಕೂತು ಒಂದು ಕಾಯಿ ಎತ್ತಿಕೊಂಡೆ.

"ಪುಸ್ತಕದಲ್ಲಿ ನನ್ನ ಹೆಸರು ಹಾಕ್ಬೇಡ" ಎಂದಳು. "ಬೋರ್ಡಿಂದಾನೂ ತೆಗೆಸು. ಆ ಹುಡುಗೀರಾದ್ರೂ ಬೈಸ್ಕೊಳ್ಳೋದು ತಪ್ಲಿ."

ಸುಣ್ಣದಣ್ಣ ಅಂದರು: "ನಿನ್ನ ಮನಸ್ಸು ಹಗುರ ಆಗ್ಲಿ ಅಂತ ಹೇಳ್ದೆ ಮಗಳೇ."

"ಹೇಳ್ಬೇಕಾದಾಗ ಹೇಳ್ಲಿಲ್ಲ" ಎಂದಳು ಅವಳು, ದನಿ ಏರಿಸದೆ. "ಮೂವತ್ತೊಂದು ವರ್ಷ ಸುಮ್ನಿದ್ಯಲ್ಲಪ್ಪ. ನಾನು ಸಾಯೋವರೆಗೂ ಸುಮ್ನಿರೋಕೆ ಆಗ್ಲಿಲ್ವಾ?"

ಅವರು ತಲೆಯೆತ್ತಿ ನನ್ನ ಕಡೆ ನೋಡಿದರು. ಹೇಳಿ, ಹೇಳಿ ಎಂದು ಅವರ ಬೆನ್ನು ಹತ್ತಿದವಳು ನಾನು.