ಕೊಡಪಾನದ ನೀರು ಮತ್ತು ನಮ್ಮವರ ಹವಳ

ನಮ್ಮವರು ಗಲ್ಫಿನ ಕೆಲಸ ಬಿಟ್ಟು ಬಂಟ್ವಾಳಕ್ಕೆ ಬಂದ ಮೇಲೆ ಏನು ಮಾಡುತ್ತಿದ್ದಾರೆ ಎಂದು ಮದುವೆ ಊಟದ ಸಾಲಿನಲ್ಲಿ ಯಾರಾದರೂ ಕೇಳಿದರೆ ನನ್ನದು ಒಂದೇ ಉತ್ತರ: "ಕಲ್ಲು ಸಾಕ್ತಾರೆ."

ಅವರಿಗೆ ಸಿಟ್ಟು ಬರುತ್ತದೆ. ಅದು ಕಲ್ಲಲ್ಲ, ಹವಳ, ಜೀವ ಇರುವಂಥದ್ದು ಎಂದು ಪಾಠ ಶುರುವಾಗುತ್ತದೆ. ಸಮುದ್ರದಿಂದ ಕಿತ್ತದ್ದಲ್ಲ, ತೊಟ್ಟಿಯಲ್ಲೇ ಬೆಳೆಸಿದ್ದು, ಕಾಗದಪತ್ರ ಎಲ್ಲ ಉಂಟು ಎಂದೂ ಸೇರಿಸುತ್ತಾರೆ. ಅಷ್ಟರಲ್ಲಿ ಪಾಯಸ ಬಂದಿರುತ್ತದೆ, ಕೇಳಿದವರು ಎಲೆ ನೋಡುತ್ತಿರುತ್ತಾರೆ.

ನಮ್ಮ ಚಾವಡಿಯಲ್ಲಿ ಟಿವಿ ಇದ್ದ ಜಾಗದಲ್ಲಿ ಈಗ ಉಪ್ಪುನೀರಿನ ಗಾಜಿನ ತೊಟ್ಟಿ. ನಡುವೆ ನೇರಳೆ ಬಣ್ಣದ ಹವಳ. ತಂದಾಗ ಕಿರುಬೆರಳಿನಷ್ಟಿದ್ದದ್ದು ಕವಲೊಡೆದು ಅನಾನಸಿನಷ್ಟಾಗಿತ್ತು. ಮಗಳ ಮದುವೆಯ ಫೋಟೊಗಳಿಗಿಂತ ಇದರ ಫೋಟೊಗಳೇ ಅವರ ಮೊಬೈಲಿನಲ್ಲಿ ಹೆಚ್ಚು. ನಾನು ತಮಾಷೆ ಮಾಡುತ್ತೇನೆ, ಸರಿ. ಆದರೆ ಬಂದ ಹೊಸತರಲ್ಲಿ ಈ ಮನುಷ್ಯ ಬೆಳಿಗ್ಗೆ ಎದ್ದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಹೋಗಲು ಜಾಗವಿಲ್ಲದೆ ಜಗಲಿಯಲ್ಲಿ ಕೂತಿರುತ್ತಿದ್ದರು. ಅಲ್ಲಿಂದ ಅವರನ್ನು ಎಬ್ಬಿಸಿದ್ದು ಈ ಹವಳ. ನನ್ನಿಂದ ಆಗಿರಲಿಲ್ಲ.

ಕಳೆದ ವರ್ಷ ಅಳದಂಗಡಿಯಲ್ಲಿ ನೆಂಟರ ಮದುವೆ. ನಾವಿಬ್ಬರೂ ಹೊರಟೆವು, ಮಂಡಿನೋವಿನ ಅತ್ತೆ ಮನೆಯಲ್ಲೇ ಉಳಿದರು. ತೊಟ್ಟಿಯ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಹಾಗಾಗಿ ಇಳಿದಷ್ಟು ಸೋಸಿದ ಸಿಹಿನೀರು ಸೇರಿಸಬೇಕು. ನಮ್ಮವರು ಅದನ್ನು ಕ್ಯಾನಿನಲ್ಲಿ ತುಂಬಿಸಿಟ್ಟು, "ಅಮ್ಮ, ಈ ಗೆರೆಗಿಂತ ಕೆಳಗೆ ಹೋದ್ರೆ ಕ್ಯಾನಿನ ನೀರು, ಅಷ್ಟೇ" ಎಂದರು. ಕಾರು ಹತ್ತಿದವರು ಪುನಃ ಇಳಿದು ಹೋಗಿ ಇನ್ನೊಮ್ಮೆ ಹೇಳಿ ಬಂದರು. ನನ್ನ ಬಿಪಿ ಮಾತ್ರೆಯನ್ನು ಒಂದು ದಿನವೂ ನೆನಪಿಸಿದವರಲ್ಲ.

ಮರುದಿನ ಮಧ್ಯಾಹ್ನ ಬಂದು ನೋಡಿದರೆ ಹವಳದ ಬುಡ ಬೆಳ್ಳಗೆ. ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಅದರ ಮಾಂಸ ಕಳಚಿ ತೇಲುತ್ತಿತ್ತು, ಒಳಗೆ ಬರೀ ಎಲುಬು.

"ಇದು ಸಂಜೆಯೊಳಗೆ ತುದಿಯವರೆಗೆ ಹೋಗ್ತದೆ" ಎಂದರು. ಆಮೇಲೆ ತನಿಖೆ ಶುರುವಾಯಿತು, ಮೊದಲ ಆರೋಪಿ ನಾನೇ.

"ಹೊರಡುವಾಗ ಊದುಬತ್ತಿ ಹಚ್ಚಿದ್ದೀಯಾ?"

"ಹಚ್ಚಿದ್ದೇನೆ. ದೇವರಿಗೆ. ನಿಮ್ಮ ಕಲ್ಲಿಗಲ್ಲ."

"ಸೊಳ್ಳೆಗೆ ಏನಾದ್ರೂ ಹೊಡೆದಿದ್ದೀಯಾ?"

"ಮಾರಾಯ್ರೆ, ನಾನು ನಿಮ್ಮೊಟ್ಟಿಗೇ ಮದುವೆಯಲ್ಲಿದ್ದೆ. ನಿಮ್ಮ ಪಕ್ಕದ ಎಲೆ ನನ್ನದೇ."

ಅಷ್ಟರಲ್ಲಿ ಅವರ ಕಣ್ಣು ತೊಟ್ಟಿಯ ತಳಕ್ಕೆ ಹೋಯಿತು. ಗಾಜಿಗೆ ಅಂಟಿಕೊಂಡಿರುತ್ತಿದ್ದ ಬಸವನಹುಳುಗಳೆಲ್ಲ ಉದುರಿ ಅಂಗಾತ ಬಿದ್ದಿದ್ದವು. ಮೀನುಗಳು ಮಾತ್ರ ಆರಾಮ. ನಮ್ಮವರು ಮೆಲ್ಲ ತಿರುಗಿ ಕ್ಯಾನು ನೋಡಿದರು. ತುಂಬಿಸಿಟ್ಟ ಹಾಗೇ ಇತ್ತು.

"ಅಮ್ಮ, ನೀರು ಹಾಕ್ಲೇ ಇಲ್ವಾ?"

"ಹಾಕದೆ?" ಎಂದರು ಅತ್ತೆ, ಅಡುಗೆಮನೆ ಬಾಗಿಲಿಂದ. "ಆ ಪ್ಲಾಸ್ಟಿಕ್ಕಿನ ಸತ್ತ ನೀರು ಯಾಕೆ ಮಗಾ? ತಾಮ್ರದ ಕೊಡಪಾನ ಹುಳಿ ಹಾಕಿ ತಿಕ್ಕಿ, ರಾತ್ರಿ ಇಟ್ಟ ನೀರು. ನಾನು ಕುಡಿಯುವಂಥದ್ದೇ. ಪಾಪ, ಅದಕ್ಕೂ ಒಳ್ಳೆಯದಾಗ್ಲಿ ಅಂತ ಎರಡು ಚೆಂಬು ಹೆಚ್ಚೇ ಹಾಕಿದ್ದೇನೆ."

ಹವಳಕ್ಕೂ ಬಸವನಹುಳುವಿಗೂ ತಾಮ್ರವೆಂದರೆ ವಿಷ. ಊಟಕ್ಕೆ ಕೂತಾಗೆಲ್ಲ ಇದೇ ಪಾಠವಾದ್ದರಿಂದ ಅದು ನನಗೂ ಬಾಯಿಪಾಠ. ಇನ್ನು ಸಿಡಿಯುತ್ತಾರೆ ಎಂದುಕೊಂಡೆ. ಅವರು ಬಾಯಿ ತೆರೆದರು. ಅಮ್ಮನ ಮುಖ ನೋಡಿದರು. ಮುಚ್ಚಿದರು. ನನ್ನ ಸಂಸಾರದಲ್ಲಿ ಆ ಬಾಯಿ ಹಾಗೆ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

"ಏನಾಯ್ತು, ಜ್ವರವಾ ಅದಕ್ಕೆ?"

"ಏನೋ ರೋಗ ಅಮ್ಮ."

ಇರುವ ದಾರಿ ಒಂದೇ. ಬಿಳುಪು ಏರುವ ಮೊದಲು ಜೀವ ಇರುವ ತುದಿಗಳನ್ನು ಕತ್ತರಿಸಿ, ಬೇರೆ ಹೊಸ ನೀರಿನಲ್ಲಿ, ಬೇರೆ ಕಲ್ಲುಗಳಿಗೆ ಅಂಟಿಸುವುದು. ಅದಕ್ಕೆಂದೇ ತರಿಸಿದ ಕತ್ತರಿ ಉಪ್ಪುನೀರಿಗೆ ತುಕ್ಕು ಹಿಡಿದು ಬಾಯಿ ಬಿಡಲಿಲ್ಲ. ಅತ್ತೆ ಎಲೆಯಡಿಕೆ ಚೀಲದಿಂದ ತಮ್ಮ ಅಡಕತ್ತರಿ ತೆಗೆದು ಕೊಟ್ಟರು. ನಮ್ಮವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಪುಣ್ಯಕ್ಕೆ ಕಬ್ಬಿಣದ್ದು.

ಅಡಕತ್ತರಿಗೆ ಹಿಡಿದಿದ್ದ ಸುಣ್ಣ ತೊಳೆದು ಕೆಲಸ ಶುರುವಾಯಿತು. ಅತ್ತೆ ಕುರ್ಚಿ ಹಾಕಿ ಕೂತರು.

"ಹೆದರಬೇಡ ಮಗಾ. ಅಡಿಕೆ ಹೋಳು ಮಾಡುವ ಹಾಗೆ ಒಂದೇ ಸಲ ಒತ್ತು. ಜಜ್ಜಬೇಡ."

ನಮ್ಮವರು ಕತ್ತರಿಸಿದರು, ನಾನು ಅಂಟು ಹಾಕಿದೆ. ಕಲ್ಲಿಗಿಂತ ಹೆಚ್ಚು ಅಂಟು ನನ್ನ ಬೆರಳುಗಳಿಗೇ ಹಿಡಿಯಿತು. ಸಂಜೆಗೆ ದೊಡ್ಡ ಹವಳ ಪೂರ್ತಿ ಬಿಳಿಯಾಯಿತು. ಅಂಟಿಸಿದ ತುಂಡುಗಳೂ ಒಂದೊಂದಾಗಿ ಹೋದವು. ಕಡೆಗೆ ಉಳಿದದ್ದು ಉಗುರಿನಷ್ಟು ದೊಡ್ಡ ಎರಡು ಚೂರು.

ಅತ್ತೆ ಪುನಃ ಕೊಡಪಾನ ತಿಕ್ಕಲು ಕೂತ ದಿನ ಹೇಳದೆ ನಮ್ಮವರಿಗೆ ಬೇರೆ ದಾರಿ ಇರಲಿಲ್ಲ.

"ಅಮ್ಮ, ಆ ಹವಳಕ್ಕೆ ತಾಮ್ರ ಉಷ್ಣವಂತೆ."

ಅತ್ತೆಯ ಕೈ ನಿಂತಿತು. "ಹಾಗಾದ್ರೆ ನಾನೇ..."

"ಇಲ್ಲಮ್ಮ. ಅದಕ್ಕೆ ಮೊದಲೇ ಮೈ ಸರಿ ಇರ್ಲಿಲ್ಲ."

ಸುಳ್ಳು ಹೇಳುವಾಗ ಇವರ ಕಿವಿ ಕೆಂಪಾಗುತ್ತದೆ. ಅದು ನನಗೆ ಗೊತ್ತು ಅಂದ ಮೇಲೆ ಹೆತ್ತವರಿಗೆ ಗೊತ್ತಿರದೇ? ಅತ್ತೆ ಆ ಕಿವಿಯನ್ನು ನೋಡಿದರು, ಎದ್ದು ಬಂದು ಹೊಸ ನೀರಿನಲ್ಲಿ ಉಳಿದ ಎರಡು ಚೂರುಗಳನ್ನೂ ನೋಡಿದರು.

"ಉಷ್ಣ ಆದ್ರೆ ಎಳನೀರು ಕೊಡುವ ಮಗಾ. ಒಂದೇ ಚೆಂಬು."

ಮೊನ್ನೆ ಮೂಡುಬಿದಿರೆಯಲ್ಲಿ ಮದುವೆ ಇತ್ತು. ಆ ಎರಡು ಚೂರು ಬಿಟ್ಟು ನಮ್ಮವರು ಕದಲಲಿಲ್ಲ, ಬಸ್ಸು ಹತ್ತಿ ನಾನೊಬ್ಬಳೇ ಹೋದೆ. ಗಂಡ ಯಾಕೆ ಬರಲಿಲ್ಲ ಎಂದು ಪಕ್ಕದ ಎಲೆಯವರು ಕೇಳಿದರು.

"ಮನೆಯಲ್ಲಿ ಬಾಣಂತನ" ಎಂದೆ.